ಡಬ್ಬಿಯಲ್ಲಿ ಬಂದ ಚೀನಾ ಅಣಬೆ

ಮಾಗನೂರಿನ ಕುರಿಗಾರ ವೆಂಕಟಯ್ಯನಿಗೆ ಹೋದ ವರ್ಷ ಹೃದಯಕ್ಕೆ ಸ್ಟೆಂಟ್ ಹಾಕಿದ್ದರು. ರಕ್ತ ಹೆಪ್ಪುಗಟ್ಟದಂತೆ ದಿನಾ ಗುಳಿಗೆ ನುಂಗಬೇಕಿತ್ತು. ಅದರ ಮೇಲೆ ಮೊಣಕಾಲು ನೋವು ಬೇರೆ.

ಒಂದು ದಿನ ಹೆಂಡತಿ ಪೆಂಟಮ್ಮನ ತಮ್ಮ ಸುರೇಂದರ್ ಗದ್ವಾಲದಿಂದ ಬಂದ. ಯಾವುದೋ ಕಂಪನಿಯ ಕ್ಯಾಪ್ಸೂಲ್ ಮಾರುವ ಕೆಲಸ ಹಿಡಿದಿದ್ದ. ಚೀಲದಿಂದ ಒಂದು ಡಬ್ಬಿ ತೆಗೆದು ವೆಂಕಟಯ್ಯನ ಮುಂದಿಟ್ಟ.

"ಇದು ಚೀನಾದ ಅಣಬಿ ಮಾವಾ. ಅಲ್ಲಿ ಸಾವಿರಾರು ವರ್ಷದಿಂದ ತಿಂತಾರ. ಮೊಣಕಾಲು, ಬಿಪಿ, ಶುಗರ್, ಎಲ್ಲಾಕ್ಕೂ ಇದೊಂದ ಸಾಕು."

ಊರಿನ ಆಶಾ ಕಾರ್ಯಕರ್ತೆ ದೇವಿಕಾ ಅಲ್ಲೇ ಕೂತಿದ್ದಳು. "ವೆಂಕಟಯ್ಯಣ್ಣಾ, ನೀವು ಹಾರ್ಟಿನ ಗುಳಿಗಿ ತಗೊಳ್ಳೋರು. ಡಾಕ್ಟರಿಗೆ ತೋರ್ಸದ ಇದನ್ನ ಮುಟ್ಟಬ್ಯಾಡ್ರಿ."

"ಅಣಬಿ ಅಂದ್ರ ಮಣ್ಣಾಗ ಹುಟ್ಟೋದು. ಅದರಿಂದ ಏನು ನುಕ್ಸಾನ್?" ಎಂದು ವೆಂಕಟಯ್ಯ ನಕ್ಕ. ಡಬ್ಬಿಯನ್ನು ಕಂಬಳಿಯಲ್ಲಿ ಸುತ್ತಿಟ್ಟುಕೊಂಡು ಯಾರಿಗೂ ಹೇಳದೆ ತಿನ್ನತೊಡಗಿದ.

ಮೂರನೇ ವಾರ ಹಲ್ಲುಜ್ಜಿದರೆ ವಸಡಿನಿಂದ ರಕ್ತ. ತೋಳಿನ ಮೇಲೆ ನೀಲಿ ಕಲೆ. ಆಮೇಲೆ ಮಲ ಡಾಂಬರಿನಂತೆ ಕಪ್ಪಾಯಿತು. ಒಳಗೇ ಹೆದರಿದ, ಆದರೂ ಬಾಯಿ ಬಿಡಲಿಲ್ಲ.

ಕುರಿ ಉಣ್ಣೆ ಕತ್ತರಿಸುವಾಗ ಕತ್ತರಿ ಬೆರಳಿಗೆ ತಾಗಿತು. ಸಣ್ಣ ಗಾಯ. ಪೆಂಟಮ್ಮ ಅರಿವೆ ಕಟ್ಟಿದಳು, ನೆನೆಯಿತು. ಇನ್ನೊಂದು ಕಟ್ಟಿದಳು, ಅದೂ ನೆನೆಯಿತು. ಗಂಡನ ಮುಖ ಬಿಳಿಚಿಕೊಂಡಿತು.

"ದೇವಿಕಾ, ಓಡಿ ಬಾರವ್ವಾ! ರಕ್ತ ನಿಲ್ಲವಲ್ದು!"

ದೇವಿಕಾ ಗಾಯ ಒತ್ತಿ ಹಿಡಿದು, ಆಟೋದಲ್ಲಿ ಮಕ್ತಲ್ ದವಾಖಾನೆಗೆ ಕರೆದೊಯ್ದಳು. ದಾರಿಯುದ್ದಕ್ಕೂ ಪೆಂಟಮ್ಮ ಕುಲದೇವರನ್ನು ನೆನೆದು "ಬೀರಪ್ಪಾ, ಬೀರಪ್ಪಾ" ಎನ್ನುತ್ತಿದ್ದಳು.

"ಬರೆದುಕೊಟ್ಟ ಗುಳಿಗೆ ಬಿಟ್ಟು ಬೇರೇನಾದ್ರೂ ತಗೊಂಡೀರೇನ್ರಿ?" ಡಾಕ್ಟರು ಕೇಳಿದರು.

ವೆಂಕಟಯ್ಯ ತಲೆ ತಗ್ಗಿಸಿದ. "ಹ್ಞೂಂ ರೀ... ಚೀನಾ ಅಣಬಿ."

"ಅಲ್ಲಿನ ಹಳೇ ವೈದ್ಯದಾಗ ಅದನ್ನ ಬಳಸ್ತಾರ, ಖರೇ. ಆದ್ರ ಅದೂ ರಕ್ತ ಹೆಪ್ಪುಗಟ್ಟದಂಗ ಮಾಡಬಹುದು. ನಿಮ್ಮ ಗುಳಿಗೆ ಕೆಲಸಾನೂ ಅದೇ. ಎರಡೂ ಕೂಡಿದ್ರ ಹೊಟ್ಟೆಯೊಳಗ ರಕ್ತ ಸೋರಿ ಮಲ ಕಪ್ಪಾಗಬಹುದು. ಇನ್ನೂ ತಡ ಮಾಡಿದ್ರ ಜೀವಕ್ಕ ಕಷ್ಟ ಆಗ್ತಿತ್ತು."

ಪೆಂಟಮ್ಮ ನಡುವೆ ಬಾಯಿ ಹಾಕಿದಳು. "ಹಂಗಾದ್ರ ಯಾವ ಗುಳಿಗೀನೂ ಬ್ಯಾಡ. ಎಲ್ಲಾ ಒಗದುಬಿಡ್ತೀನಿ!"

"ಅಯ್ಯೋ, ಹಂಗ ಮಾಡಬ್ಯಾಡ್ರಿ!" ದೇವಿಕಾ ಅವಳ ಕೈ ಹಿಡಿದಳು. "ಹಾರ್ಟಿನ ಗುಳಿಗಿ ತಾವಾಗೇ ಬಿಟ್ರ ಸ್ಟೆಂಟಿನಾಗ ರಕ್ತ ಹೆಪ್ಪುಗಟ್ಟಿ ಹಾರ್ಟ್ ಅಟ್ಯಾಕ್ ಆಗಬಹುದು. ಏನು ಬಿಡಬೇಕು, ಏನು ತಗೋಬೇಕು, ಡಾಕ್ಟರೇ ಹೇಳ್ಬೇಕು."

ಆಗ ಪೆಂಟಮ್ಮನಿಗೆ ಮತ್ತೊಂದು ಭಯ ಹೊಕ್ಕಿತು. ತಮ್ಮನಿಗೆ ಫೋನ್ ಮಾಡಿದಳು. "ಸುರೇಂದರ್, ಅವ್ವಗೂ ಅದನ್ನ ಕೊಟ್ಟೀಯೇನೋ?"



"ಕೊಟ್ಟೀನಕ್ಕಾ. ಬಿಪಿ ಗುಳಿಗಿ ಬಿಡ್ಸೀನಿ. ಮುಂಜಾನೆಯಿಂದ ತಲಿ ಸಿಡೀತೈತಿ ಅಂತಾಳ."

"ಈಗಿಂದೀಗ ದವಾಖಾನಿಗೆ ಕರ್ಕೊಂಡು ಹೋಗು!"

ತಾಯಿ ಶಂಕರಮ್ಮನ ಬಿಪಿ ವಿಪರೀತ ಏರಿತ್ತು. ಸಮಯಕ್ಕೆ ಚಿಕಿತ್ಸೆ ಸಿಕ್ಕು ಉಳಿದಳು. ರಕ್ತ ನಿಂತು ನಾಲ್ಕು ದಿನಕ್ಕೆ ವೆಂಕಟಯ್ಯನೂ ಮನೆಗೆ ಬಂದ. ಸುರೇಂದರ್ ತಾನು ಡಬ್ಬಿ ಮಾರಿದ್ದ ಮನೆಮನೆಗೂ ಹೋಗಿ, "ಡಾಕ್ಟರನ್ನ ಕೇಳದ ತಿನ್ನಬ್ಯಾಡ್ರಿ, ನಾನು ತಪ್ಪು ಹೇಳೀನಿ" ಎಂದು ಕೈಮುಗಿದ.

ಅಕ್ಕ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದೆಯೇ? ಮುಚ್ಚಿಡಬೇಡಿ. ದಿನನಿತ್ಯದ ಗುಳಿಗೆಗಳ ಜೊತೆ ಅದನ್ನೂ ಡಾಕ್ಟರ ಮೇಜಿನ ಮೇಲೆ ಇಡಿ. ಬೈಯುತ್ತಾರೆಂಬ ಅಂಜಿಕೆಯಿಂದ ಜೀವ ಕಳೆದುಕೊಳ್ಳಬೇಡಿ. ಇಂದೇ ಕೇಳಿ.