ಆಟಿಯಲ್ಲಿ ತಂದ ಕಾರು

ಕೋಡಿಂಬಾಳದ ಚನಿಯಪ್ಪನಷ್ಟು ಕಾಯಬಲ್ಲ ಮನುಷ್ಯ ಕಡಬದ ಸುತ್ತುಮುತ್ತ ಇನ್ನೊಬ್ಬ ಇರಲಿಕ್ಕಿಲ್ಲ. ಕಡಬ ಪೇಟೆಯಿಂದ ಒಳಗಿನ ಊರುಗಳಿಗೆ ಇಪ್ಪತ್ತೆಂಟು ವರ್ಷ ಸರ್ವಿಸ್ ಜೀಪು ಓಡಿಸಿದವನು. ಜೀಪು ತುಂಬದೆ ಹೊರಡುತ್ತಿರಲಿಲ್ಲ. ತುಂಬಿದ ಮೇಲೂ ಇನ್ನಿಬ್ಬರಿಗೆ ಜಾಗ ಉಂಟೆಂದು ಹೊರಡುತ್ತಿರಲಿಲ್ಲ. ‘ತಾಳಿದವನು ಬಾಳಿಯಾನು’ ಎಂದು ಜೀಪಿನ ಹಿಂದೆ ಬರೆಸಿದ್ದ ಬೇರೆ. ಒಳಗೆ ಬೆವರು ಸುರಿಸುತ್ತ ಕುಳಿತವರು ಆ ಗಾದೆಗೆ ಕೊಟ್ಟಷ್ಟು ಬೈಗುಳವನ್ನು ಯಾವ ಸರ್ಕಾರಕ್ಕೂ ಕೊಟ್ಟಿರಲಾರರು.

ಮಳೆಗಾಲದ ನಡುವಿನ ಆಟಿ ತಿಂಗಳು ಬಂತೆಂದರೆ ಅವನ ಕಾಯುವಿಕೆಗೆ ಇನ್ನೂ ಬಲ. ನಮ್ಮ ಕಡೆ ಆಟಿಯಲ್ಲಿ ಮದುವೆಯಿಲ್ಲ, ಮನೆ ಒಕ್ಕಲಿಲ್ಲ, ಹೊಸ ವಸ್ತು ಮನೆಗೆ ಬರುವುದಿಲ್ಲ. ಅದು ಎಲ್ಲರಿಗೂ ಇದ್ದದ್ದೇ. ಚನಿಯಪ್ಪ ಮಾತ್ರ ಬೋಳಾದ ಟಯರನ್ನೂ ಆಟಿ ಕಳೆಯದೆ ಬದಲಿಸುವವನಲ್ಲ. ಟಯರಿಗೆ ಎಂತ ಆಟಿ, ಎಂತ ಸೋಣ ತಿಂಗಳು ಎಂದು ಹೆಂಡತಿ ಪೂವಮ್ಮ ತಮಾಷೆ ಮಾಡುತ್ತಿದ್ದಳು. ಅವನು ನಕ್ಕು ಸುಮ್ಮನಾಗುತ್ತಿದ್ದ, ಟಯರೂ ಸುಮ್ಮನಿರುತ್ತಿತ್ತು.

ಆ ಜೀಪಿಗೆ ಇನ್ನೊಂದು ಕಟ್ಟಳೆಯಿತ್ತು. ಡ್ರೈವರನ ಪಕ್ಕದ ಸೀಟು ಬಸುರಿಗೆ, ಇಲ್ಲವೇ ಆಸ್ಪತ್ರೆಗೆ ಒಯ್ಯುವ ರೋಗಿಗೆ. ಅಂಥವರಿಲ್ಲದ ದಿನ ಮುದುಕರಿಗೆ, ಶಾಲೆಯ ಟೀಚರುಗಳಿಗೆ. ಡ್ರೈವರನ ಹೆಂಡತಿಗೆ ಯಾವ ದಿನವೂ ಇಲ್ಲ. ಮಗಳು ಭವಿತಾ ಹೊಟ್ಟೆಯಲ್ಲಿದ್ದಾಗ ಒಂದು ದಿನ ಆ ಸೀಟು ಪೂವಮ್ಮನಿಗೆ ಸಿಗಬೇಕಿತ್ತು. ಅಂದೇ ಯಾರಿಗೋ ಹಾವು ಕಚ್ಚಿ, ಅವಳು ಎಂಟು ತಿಂಗಳ ಹೊಟ್ಟೆ ಹೊತ್ತು ಹಿಂದೆ ಹೋಗಿ ಸ್ಟೆಪ್ನಿಗೆ ಕಾಲು ತಾಗಿಸಿಕೊಂಡು ಕುಳಿತಳು. ಆಮೇಲೆ ನೆಂಟರಿಷ್ಟರ ಮುಂದೆಲ್ಲ ಅದನ್ನು ಹೇಳಿಕೊಂಡು ನಗುವಳು. “ನಮ್ಮವರ ಜೀಪಿನಲ್ಲಿ ಮುಂದೆ ಕೂರ್ಬೇಕಾದ್ರೆ ಒಂದೋ ಬಸುರಿ ಆಗ್ಬೇಕು, ಒಂದೋ ಸಾಯ್ಲಿಕ್ಕೆ ಆಗ್ಬೇಕು ಮಾರಾಯ್ರೆ.”

ಜೀಪು ಮಾರಿ ಎರಡು ವರ್ಷವಾದ ಮೇಲೆ, ಈ ಮೇ ತಿಂಗಳಲ್ಲಿ, ಮನೆಗೊಂದು ಸಣ್ಣ ಕಾರು ತರುವುದೆಂದು ನಿಶ್ಚಯವಾಯಿತು. ಪೂವಮ್ಮನಿಗೆ ಒಂದೇ ಆಸೆ. ಮುಂದಿನ ಸೀಟಿನಲ್ಲಿ ಕುಳಿತು, ಗ್ಲಾಸು ಇಳಿಸಿ, ಕಲ್ಲುಗುಂಡಿಯ ತವರುಮನೆಯ ಅಂಗಳದಲ್ಲಿ ಇಳಿಯಬೇಕು. ಇಬ್ಬರೂ ಪುತ್ತೂರಿನ ಶೋರೂಮಿಗೆ ಹೋದರು. ಅಲ್ಲಿ ಮಿದ್ಲಾಜ್ ಎಂಬ ಹುಡುಗ, ಮಾರುವವನಾದರೂ ಸುಳ್ಳು ಬಾರದವನು, ಇದ್ದದ್ದನ್ನು ಇದ್ದ ಹಾಗೆ ಹೇಳಿದ: ಈಗಿರುವ ಮಾಡೆಲ್ ನಿಲ್ಲುತ್ತದೆ, ಚೌತಿಗೆ ಹೊಸತು ಬರುತ್ತದೆ, ಈಗ ತೆಗೆದರೆ ಮೂರು ತಿಂಗಳಲ್ಲಿ ನಿಮ್ಮ ಕಾರು ಹಳೆಯದಾಗುತ್ತದೆ. ಮೊಬೈಲಿನಲ್ಲಿ ಹೊಸತರ ಚಿತ್ರವನ್ನೂ ತೋರಿಸಿದ. ಒಳ್ಳೆಯ ನೀಲಿ ಬಣ್ಣ. ಆ ನೀಲಿ ಹಳೆಯದರಲ್ಲಿ ಇಲ್ಲ.

ನನಗೆ ಯಾವುದಾದರೂ ಆದೀತು ಎಂದಳು ಪೂವಮ್ಮ. ಆದರೆ ಕಾಯುವುದೆಂದರೆ ಗಂಡನಿಗೆ ಹಬ್ಬದೂಟವೆಂದು ಅವಳಿಗೆ ಗೊತ್ತಿಲ್ಲವೇ? ಹಾಗಾದರೆ ನೀಲಿಯೇ ಇರಲಿ ಎಂದು ಒಪ್ಪಿದಳು. ಆ ಚಿತ್ರವನ್ನು ತನ್ನ ಮೊಬೈಲಿಗೆ ಹಾಕಿಸಿಕೊಂಡು ಬಂದಳು.

ಜೂನಿನಲ್ಲಿ ಅವಳ ಕಣ್ಣು ಹಳದಿಯಾಯಿತು. ಕಾಮಾಲೆಯೆಂದು ನೆಲನೆಲ್ಲಿ ಅರೆದು ಕುಡಿದದ್ದಾಯಿತು, ಪಥ್ಯ ಹಿಡಿದದ್ದಾಯಿತು, ಇಳಿಯಲಿಲ್ಲ. ಪುತ್ತೂರಿನ ಡಾಕ್ಟರು ಮಂಗಳೂರಿಗೆ ಕಳಿಸಿದರು. ಅಲ್ಲಿ ಸ್ಕ್ಯಾನು ಮಾಡಿದವರು ಚನಿಯಪ್ಪನನ್ನೂ ಭವಿತಾಳನ್ನೂ ಬೇರೆ ಕೋಣೆಗೆ ಕರೆದು ಕೂರಿಸಿದರು. ಮೇದೋಜೀರಕ ಗ್ರಂಥಿಯ ಕ್ಯಾನ್ಸರು, ಲಿವರಿನವರೆಗೆ ಹಬ್ಬಿದೆ, ಎರಡು ತಿಂಗಳು, ಹೆಚ್ಚೆಂದರೆ ಮೂರು. ಅಪ್ಪ ಮಗಳು ಆಸ್ಪತ್ರೆಯ ಮೆಟ್ಟಿಲಲ್ಲಿ ಕುಳಿತು ಅತ್ತು, ಮುಖ ತೊಳೆದು, ಒಂದು ಮಾತು ಮಾಡಿಕೊಂಡರು. ಅವಳಿಗೆ ಹೇಳುವುದು ಬೇಡ. ಜೋರು ಕಾಮಾಲೆ, ದೀಪಾವಳಿಯೊಳಗೆ ಗುಣ ಎನ್ನುವುದು. ಪೂವಮ್ಮ ಅದನ್ನು ಪೂರ್ತಿ ನಂಬಿದಳು. ನಂಬಿದ್ದರಿಂದಲೇ ಎರಡು ತುತ್ತು ಗಂಜಿ ಹೆಚ್ಚು ಕುಡಿದಳು. ಅವಳು ಗಂಜಿ ಕುಡಿಯುವುದನ್ನು ನೋಡಲಾರದೆ ಚನಿಯಪ್ಪ ಅಂಗಳಕ್ಕೆ ಇಳಿಯುತ್ತಿದ್ದ.

ಆಟಿ ಹಿಡಿದ ಎರಡನೆಯ ದಿನ ಮಿದ್ಲಾಜನ ಫೋನು ಬಂತು. ಹೊಸ ಮಾಡೆಲ್ ಚೌತಿಗೆ ಬರುವುದಿಲ್ಲ, ದೀಪಾವಳಿಗೆ ಹೋಗಿದೆ. ನಿಮಗೆ ಕಾಯುವುದು ಕಷ್ಟವಿಲ್ಲವಲ್ಲ ಅಣ್ಣಾ ಎಂದು ಅವನು ನಕ್ಕ.

ದೀಪಾವಳಿಗೆ ಪೂವಮ್ಮ ಇರುವುದಿಲ್ಲ. ಹಳೆಯ ಮಾಡೆಲನ್ನೇ ಈಗ ತಂದರೆ ಅವಳು ಮುಂದಿನ ಸೀಟಿನಲ್ಲಿ ಕುಳಿತಾಳು. ಆದರೆ ಅವಳೇನು ದಡ್ಡಿಯೇ? ಜೀವಮಾನವಿಡೀ ಕಾದ ಗಂಡಸು, ಅದೂ ಆಟಿಯಲ್ಲಿ, ಹೊಸತು ಬರುವ ಮೊದಲು ಹಳತನ್ನು ಓಡಿಹೋಗಿ ತಂದರೆ ಡಾಕ್ಟರರ ಚೀಟಿ ಓದಿ ಹೇಳಿದ ಹಾಗೆಯೇ ಆಯಿತು. ತಂದರೆ ಅವಳ ನಂಬಿಕೆ ಹೋಯಿತು. ತರದಿದ್ದರೆ ಅವಳ ಆಸೆ ಹೋಯಿತು. ಭವಿತಾ ಬೇಡವೆಂದಳು. ಅಮ್ಮ ನೆಮ್ಮದಿಯಲ್ಲಿದ್ದಾಳೆ, ಹಾಗೇ ಇರಲಿ, ಬಾಡಿಗೆ ಕಾರು ಮಾಡಿ ಕಲ್ಲುಗುಂಡಿಗೆ ಕರೆದುಕೊಂಡು ಹೋಗುವ ಎಂದಳು. ಬಾಡಿಗೆ ಕಾರಿನ ಮಾತನ್ನು ಪೂವಮ್ಮ ಕೇಳಲೇ ಇಲ್ಲ. ನಮ್ಮದೇ ಬರುವಾಗ ಬಾಡಿಗೆ ಯಾಕೆ, ಗುಣವಾದ ಮೇಲೆ ನೀಲಿಯಲ್ಲೇ ಹೋಗುವ ಎಂದು ಮೊಬೈಲು ತೆಗೆದು ಚಿತ್ರ ನೋಡಿದಳು.

ಒಂದು ವಾರ ಅವನು ನಿದ್ದೆಯಿಲ್ಲದೆ ತೂಗಿ ನೋಡಿದ. ಕೊನೆಗೆ ತೀರ್ಮಾನ ಮಾಡಿದ್ದು ಅವನ ತಲೆಯಲ್ಲ, ಪೂವಮ್ಮನ ಕಾಲು. ಬಚ್ಚಲಿನ ಮೆಟ್ಟಿಲು ಒಂದು ಗೇಣು ಎತ್ತರವಿಲ್ಲ. ಅಂದು ಬೆಳಿಗ್ಗೆ ಅದನ್ನು ಹತ್ತಲು ಅವಳು ಎರಡು ಸಲ ಕಾಲು ಎತ್ತಿದಳು, ಆಗಲಿಲ್ಲ. ಹಿಡಿಯಲು ಹೋದ ಗಂಡನನ್ನು ನೋಡಿ ನಾಚಿ ನಕ್ಕಳು. ಇನ್ನು ಹದಿನೈದು ದಿನ ಬಿಟ್ಟರೆ ಇವಳು ಕಾರಿಗೂ ಹತ್ತಲಾರಳು ಎಂದು ಅವನಿಗೆ ಹೊಳೆಯಿತು. ಅಂಗಿ ಹಾಕಿಕೊಂಡು ಪುತ್ತೂರಿನ ಬಸ್ಸು ಹಿಡಿದ.

ಮಿದ್ಲಾಜ್ ಮೊದಲು ತಮಾಷೆಯೆಂದುಕೊಂಡ. ಆಟಿಯಲ್ಲಿ ಗಾಡಿ ಕೇಳಿಕೊಂಡು ಬರುವವರೇ ಇಲ್ಲ, ಬಂದದ್ದು ಚನಿಯಪ್ಪಣ್ಣ! ಹಳೆಯ ಮಾಡೆಲಿನಲ್ಲಿ ಒಂದೇ ಒಂದು ಉಂಟು, ಬಿಳಿ, ತೆಗೆದು ಪಶ್ಚಾತ್ತಾಪ ಪಡಬೇಡಿ, ಸ್ವಲ್ಪ ತಾಳಿ ಎಂದು ಪಾಪ ಅವನೇ ಬುದ್ಧಿ ಹೇಳಿದ.

“ತಾಳ್ಲಿಕ್ಕೆ ಆಗುದಿಲ್ಲ ಮಾರಾಯ” ಎಂದ ಚನಿಯಪ್ಪ. ಅವನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು. ಮಿದ್ಲಾಜ್ ಅವನ ಮುಖ ನೋಡಿದ. ಕಾಗದಪತ್ರವೆಲ್ಲ ನಾಲ್ಕೇ ದಿನದಲ್ಲಿ ಮಾಡಿಸಿಕೊಟ್ಟ.

ಕಾರು ಮನೆಗೆ ತರುವ ದಾರಿಯುದ್ದಕ್ಕೂ ಚನಿಯಪ್ಪ ಒಂದು ಸುಳ್ಳನ್ನು ತಿದ್ದಿ ತಿದ್ದಿ ತಯಾರು ಮಾಡಿದ್ದ. ಹೊಸ ಮಾಡೆಲಿನ ಸೀಟು ತೀರಾ ತಗ್ಗಂತೆ, ಸೊಂಟ ನೋವು ಬರುತ್ತದಂತೆ, ಅದಕ್ಕೇ ಹಳತೇ ಒಳ್ಳೆಯದೆಂದು ಎಲ್ಲರೂ ಹೇಳಿದರಂತೆ. ಪೂವಮ್ಮ ಚಾವಡಿಯಲ್ಲಿ ಕುಳಿತು ಪೂರ್ತಿ ಕೇಳಿದಳು. ನೀಲಿ ಇರಲಿಲ್ಲವಾ ಎಂದು ಒಂದು ಸಲ ಕೇಳಿ, ಬಿಳಿಯೂ ಚಂದವೇ ಎಂದು ಎದ್ದು ಚಕ್ರದಡಿಗೆ ಇಡಲು ಲಿಂಬೆಹಣ್ಣು ಹುಡುಕಿದಳು. ಸುಳ್ಳು ದಾಟಿತೆಂದು ಚನಿಯಪ್ಪನಿಗೆ ಜೀವ ಬಂದಂತಾಯಿತು. ಎಂಥ ಮರುಳು!

ಮರುದಿನ ಗಂಡ ಹೆಂಡತಿ ಇಬ್ಬರೇ ಕಲ್ಲುಗುಂಡಿಗೆ ಹೊರಟರು. ಭವಿತಾ ಹಿಂದೆ ತಂದುಕೊಟ್ಟಿದ್ದ ಸೀರೆಯನ್ನು ಪೂವಮ್ಮ ಉಟ್ಟಿದ್ದಳು. ಕುತ್ತಿಗೆಯ ಸರ ಎಲುಬಿನ ಮೇಲೆ ಕುಳಿತಿತ್ತು. ಅವನು ಮುಂದಿನ ಬಾಗಿಲು ತೆರೆದು, ಅವಳ ಕಾಲನ್ನು ತನ್ನ ಕೈಯಿಂದಲೇ ಎತ್ತಿ ಒಳಗಿಟ್ಟ. ಪಂಜ ದಾಟುವವರೆಗೆ ಅವಳು ಗ್ಲಾಸು ಇಳಿಸುವುದು ಏರಿಸುವುದು ಮಾಡಿದಳು. ಇಪ್ಪತ್ತೆಂಟು ವರ್ಷ ಜೀಪಿನ ಹಿಂದಿನ ಬೆಂಚಿನಿಂದ ರಸ್ತೆ ಹಿಂದಕ್ಕೆ ಓಡುವುದನ್ನೇ ನೋಡಿದ್ದು, ಎದುರಿನಿಂದ ಬರುವಾಗ ಬೇರೆಯೇ ಕಾಣುತ್ತದೆ ಎಂದಳು. ಸುಳ್ಯದ ಪೇಟೆಯಲ್ಲಿ ಗುರುತಿನವರು ಯಾರಾದರೂ ನೋಡಲಿ ಎಂದು ಮೆಲ್ಲ ಹೋಗಿಸಿದಳು. ಅರಂತೋಡು ಕಳೆದ ಮೇಲೆ ಗ್ಲಾಸು ಏರಿಸಿದಳು.

“ಇದಾ, ನಿಮ್ಮ ಕಟ್ಟಳೆ ಪ್ರಕಾರ ಈ ಸೀಟಿನಲ್ಲಿ ಕೂರ್ಲಿಕ್ಕೆ ಎರಡೇ ದಾರಿ ಇದ್ದದ್ದು” ಎಂದಳು. “ಈ ಪ್ರಾಯದಲ್ಲಿ ನಾನು ಬಸುರಿಯಂತೂ ಅಲ್ಲ.”

ಚನಿಯಪ್ಪನಿಗೆ ರಸ್ತೆ ಕಾಣದಾಯಿತು. ಕಾರನ್ನು ಬದಿಗೆ ತಂದು ನಿಲ್ಲಿಸಿದ.

“ಆಟಿಯಲ್ಲಿ ಟಯರ್ ಬದಲಿಸದ ಜನ ನೀವು. ಎಷ್ಟು ಸಮಯ ಉಂಟು ಹೇಳಿದ್ದಾರೆ?”

ಸೊಂಟನೋವಿನ ಸುಳ್ಳು ಬಿಟ್ಟರೆ ಅವನ ಹತ್ತಿರ ಬೇರೆ ಸುಳ್ಳಿರಲಿಲ್ಲ. ಎರಡು ತಿಂಗಳೆಂದು ಹೇಳಿದ್ದು, ಒಂದು ಆಗಲೇ ಕಳೆಯಿತು ಎಂದು ಸ್ಟೇರಿಂಗಿಗೆ ಹಣೆ ಕೊಟ್ಟು ಅತ್ತ. ಪೂವಮ್ಮ ಕೂಡಲೇ ಅಳಲಿಲ್ಲ. ಮಡಿಲಲ್ಲಿದ್ದ ಮೊಬೈಲನ್ನು ಕವುಚಿ ಹಾಕಿದಳು. ಆಮೇಲೆ ಅತ್ತಳು.

“ದೀಪಾವಳಿಗೆ ಗುಣ ಆಗ್ತೇನೆ ಅಂತ ನಾನು ನಂಬಿದ್ದೆ” ಎಂದಳು. “ಸತ್ಯ ನಂಬಿದ್ದೆ.”

ಚನಿಯಪ್ಪನಿಗೆ, ಕಾರು ತಂದದ್ದು ಸರಿಯೋ ತಪ್ಪೋ ಎಂದು ಅವಳನ್ನೇ ಕೇಳಬೇಕೆನಿಸಿತು. ಮೂವತ್ತು ವರ್ಷ ಎಲ್ಲವನ್ನೂ ಕೇಳಿದ್ದು ಅವಳನ್ನೇ. ಕೇಳಲಿಲ್ಲ. ಅವಳ ಕೈ ಹಿಡಿದುಕೊಂಡ. ಆ ಕೈ ಹಳದಿಯಾಗಿತ್ತು, ಬಳೆ ಮೊಣಕೈವರೆಗೆ ಜಾರುತ್ತಿತ್ತು. ಮಡಿಕೇರಿಯ ಬಸ್ಸುಗಳು ಹಾರನ್ ಹಾಕುತ್ತ ದಾಟಿಹೋದವು.

ಅವಳು ಸೆರಗಿನಿಂದ ಮೊದಲು ಅವನ ಮುಖ, ಆಮೇಲೆ ತನ್ನದು ಒರೆಸಿದಳು. ತವರಿನಲ್ಲಿ ಅಣ್ಣ ಅಂಗಳದಲ್ಲೇ ಕಾಯುತ್ತಿರುತ್ತಾನೆ, ಅವನಿಗೆ ಕಾಮಾಲೆಯೆಂದೇ ಹೇಳುವ, ನೀವು ಅಲ್ಲಿ ಅಳಬಾರದು ಎಂದು ತಾಕೀತು ಮಾಡಿದಳು. ಚನಿಯಪ್ಪ ಕೀಲಿ ತಿರುಗಿಸಿದ.

“ಮೆಲ್ಲ ಬಿಡಿ” ಎಂದಳು ಪೂವಮ್ಮ, ಗ್ಲಾಸು ಇಳಿಸಿ.

ಕಲ್ಲುಗುಂಡಿಗೆ ಇನ್ನು ಸ್ವಲ್ಪವೇ ದೂರವಿತ್ತು. ಅವನು ಎರಡನೆಯ ಗೇರಿನಿಂದ ಮೇಲೆ ಹಾಕಲೇ ಇಲ್ಲ.