ಕತ್ತಿನ ಕೆಳಗೆ

ಗದ್ದ ಇನ್ನೂ ಒಂದು ಬೆರಳಿನಷ್ಟು ಸಣ್ಣದಾಗಬೇಕಿತ್ತು. ಪೆರೀತಾಸ್ ಏಣಿಯ ಮೇಲೆ ನಿಂತು, ಎಡಗೈಯಲ್ಲಿದ್ದ ಸುಣ್ಣದ ಅಚ್ಚುಮುಖವನ್ನು ಎದುರಿಗಿದ್ದ ಅಮೃತಶಿಲೆಯ ಮುಖದ ಪಕ್ಕಕ್ಕೆ ಹಿಡಿದು ನೋಡಿದ. ಅಚ್ಚು ರೋಮಿನಿಂದ ಬಂದದ್ದು. ಅದರಲ್ಲಿ ಹೊಸ ಚಕ್ರವರ್ತಿ ವಾರದಿಂದ ಊಟ ಬಿಟ್ಟವನಂತೆ ಕಾಣುತ್ತಿದ್ದ. ಬತ್ತಿದ ಕೆನ್ನೆ, ಚೂಪು ಗದ್ದ, ಬಿಗಿದ ತುಟಿ. ಹಳೆಯವನದು ಚೆನ್ನಾಗಿ ಉಂಡು ಮಲಗಿದ ಮುಖ.

"ಬಂದೋನು ಸಣಕಲ, ನಮ್ಮ ಪುಣ್ಯ," ಎಂದು ಅವನು ಕೆಳಗೆ ಹಾದುಹೋಗುವವರಿಗೆಲ್ಲ ಹೇಳುತ್ತಿದ್ದ. "ದಪ್ಪಗಿದ್ದೋನು ಹೋಗಿ ಇನ್ನೂ ದಪ್ಪಗಿರೋನು ಬಂದಿದ್ರೆ ಏನು ಮಾಡ್ತಿದ್ದೆ? ಕಲ್ಲನ್ನ ಕೆತ್ತಿ ತೆಗೀಬಹುದು, ಮೆತ್ತೋಕಾಗುತ್ತಾ?"

ಕೇಳಿದವರು ನಗುತ್ತಿದ್ದರು. ಪೆರೀತಾಸನ ಬಾಯಿ ಅವನ ಉಳಿಗಿಂತ ಚುರುಕು ಎಂದು ಊರಿನಲ್ಲಿ ಹೆಸರಿತ್ತು. ಆ ಹೆಸರು ಅವನಿಗೂ ಇಷ್ಟವಿತ್ತು.

ಹಳೆಯ ಚಕ್ರವರ್ತಿಯನ್ನು ಅವನ ಅರಮನೆಯವರೇ ಕೊಂದರೆಂಬ ಸುದ್ದಿ ಕಳೆದ ಶರತ್ಕಾಲದಲ್ಲಿ ಬಂದಿತ್ತು. ವಸಂತದಲ್ಲಿ ರೋಮಿನಿಂದ ಓಲೆ ಬಂತು. ಅವನ ಹೆಸರನ್ನು ಎಲ್ಲ ಕಲ್ಲುಗಳಿಂದ ಕೆರೆದುಹಾಕಬೇಕು, ಮುಖವನ್ನೂ ಉಳಿಸಬಾರದು. ಊರ ಹಿರಿಯರು ಕೂತು ಯೋಚಿಸಿದರು. ಗುಡಿಯ ಮುಂದೆ ನಿಂತ ವಿಗ್ರಹದ ಮೈ ಚೆನ್ನಾಗಿದೆ, ಕವಚ ಚೆನ್ನಾಗಿದೆ, ಕಾಲಂತೂ ಬಹಳ ಚೆನ್ನಾಗಿದೆ. ನಿಂತಲ್ಲೇ ಮುಖವೊಂದನ್ನು ತಿದ್ದಿದರಾಯಿತು. ರೋಮಿನ ಆಳ್ವಿಕೆಯ ನಮ್ಮ ಕಾರಿಯಾ ಸೀಮೆಯಲ್ಲಿ ಇದಕ್ಕೆ ಯಾರೂ ನಾಚುವುದಿಲ್ಲ. ಆದರೆ ಹನ್ನೊಂದು ವರ್ಷದ ಹಿಂದೆ ಆ ಮುಖ ಕೆತ್ತಿದವನೂ ಪೆರೀತಾಸನೇ. ತೆರೆ ಸರಿಸಿದ ದಿನ ಅವನು ಜನರ ನಡುವೆ ನಿಂತು ಮಗುವಿನಂತೆ ಅತ್ತಿದ್ದ. ಈಗ ಅದೇ ಮೂಗಿನ ಮೇಲೆ ಮೊದಲ ಏಟು ಹಾಕುವಾಗ ಅವನಿಗೆ ಏನೂ ಅನ್ನಿಸಲಿಲ್ಲ ಎಂದರೆ ಸುಳ್ಳಾದೀತು. ಅನ್ನಿಸಿದ್ದನ್ನು ತಮಾಷೆ ಮಾಡಿ ಕಳೆದುಕೊಂಡ, ಅಷ್ಟೆ.

ದಿನವೂ ಮಧ್ಯಾಹ್ನ ಮೆಲೀತೆ ಬುಟ್ಟಿ ಹಿಡಿದು ಬರುತ್ತಿದ್ದಳು. ಉಣ್ಣೆಗೆ ಬಣ್ಣ ಹಾಕುವ ಆತ್ತಿನಾಸನ ಮನೆಯ ಆಳು. ಆಳು ಎಂದರೆ ಕೊಂಡು ತಂದ ಹೆಂಗಸು, ಕೂಲಿಯವಳಲ್ಲ. ಏಣಿಯ ಕೆಳಗೆ ಬಿದ್ದ ಕಲ್ಲುಚೂರುಗಳನ್ನು ಆರಿಸಿಕೊಂಡು ಹೋಗಬೇಕು; ಅದನ್ನು ಸುಟ್ಟು ಮಾಡಿದ ಸುಣ್ಣ ಬಣ್ಣದ ತೊಟ್ಟಿಗೆ ಬೇಕು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಎಡಗೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಲಗೈಯೊಂದರಲ್ಲೇ ಆರಿಸುತ್ತಿದ್ದಳು. ಯಾಕೆ ಹಾಗೆ ಎಂದು ಪೆರೀತಾಸ್ ಕೇಳಲಿಲ್ಲ. ಮೇಲಿನಿಂದ ಅವನಿಗೆ ಅವಳ ನೆತ್ತಿ ಮಾತ್ರ ಕಾಣುತ್ತಿತ್ತು.

"ಅಣ್ಣಾ," ಎಂದು ಒಂದು ದಿನ ಅವಳೇ ಕತ್ತೆತ್ತಿ ಕೇಳಿದಳು, "ಈಗ ಇದು ಯಾರು?"

"ಯಾರು ಅಂದ್ರೆ?"

"ಹಳಬರೋ ಹೊಸಬರೋ?"

ಪೆರೀತಾಸ್ ಹಿಂದಕ್ಕೆ ವಾಲಿ ತನ್ನ ಕೆಲಸವನ್ನು ನೋಡಿದ. ಬಲಗಡೆ ಕೆನ್ನೆ ಇಳಿದಿತ್ತು, ಎಡಗಡೆ ಇನ್ನೂ ತುಂಬಿಕೊಂಡಿತ್ತು. "ಬೆಳಿಗ್ಗೆ ಹಳಬ, ಸಾಯಂಕಾಲ ಹೊಸಬ. ನಡುವೆ ನೀನು ಬಂದೆ ನೋಡು, ಈಗ ಇಬ್ಬರೂ ಇಲ್ಲ, ಊಟಕ್ಕೆ ಹೋಗಿದ್ದಾರೆ."

ಅವಳು ನಗಲಿಲ್ಲ. "ಹಂಗಾದ್ರೆ ಈಗ ಯಾರಾದ್ರೂ ಬಂದು ಕಾಲು ಹಿಡ್ಕೊಂಡ್ರೆ?"

ಆ ಪದ್ಧತಿ ಎಲ್ಲರಿಗೂ ಗೊತ್ತಿದ್ದದ್ದೇ. ಒಡೆಯನ ಕಾಟ ತಡೆಯಲಾರದ ಆಳು ಓಡಿಬಂದು ಚಕ್ರವರ್ತಿಯ ವಿಗ್ರಹದ ಕಾಲು ಹಿಡಿದರೆ, ಯಾರೂ ಎಳೆದೊಯ್ಯುವಂತಿಲ್ಲ. ವಿಚಾರಣೆ ಆಗಲೇಬೇಕು. ಒಡೆಯನ ತಪ್ಪು ಕಂಡರೆ ಆಳನ್ನು ಬೇರೆ ಮನೆಗೆ ಮಾರಬೇಕು. ಹನ್ನೊಂದು ವರ್ಷದಲ್ಲಿ ಆ ಕಾಲನ್ನು ನಾಲ್ವರು ಹಿಡಿದಿದ್ದರು. ನಾಲ್ವರಿಗೂ ಮನೆ ಬದಲಾಗಿತ್ತು.

"ಕಾಲಿಗೇನಾಗಿದೆಯೇ?" ಎಂದ ಪೆರೀತಾಸ್. "ತಲೆ ಬದಲಾಗ್ತಾ ಇರುತ್ತೆ. ಕಾಲು ಯಾವತ್ತಿದ್ರೂ ಚಕ್ರವರ್ತೀದೇ. ಕತ್ತಿನ ಕೆಳಗೆ ನಾನು ಉಳೀನೇ ಮುಟ್ಟಿಸಿಲ್ಲ."

ಅವಳು ವಿಗ್ರಹದ ಕಾಲನ್ನು ಸ್ವಲ್ಪ ಹೊತ್ತು ನೋಡಿ, ಬುಟ್ಟಿ ಎತ್ತಿಕೊಂಡು ಹೋದಳು. ತನ್ನ ಮಾತು ತನಗೇ ಬಹಳ ಹಿಡಿಸಿತು ಪೆರೀತಾಸನಿಗೆ. ಸಂಜೆ ಹೆಂಡತಿ ಅಪ್ಫಿಯಾಳ ಮುಂದೆ ಅದನ್ನು ಮತ್ತೊಮ್ಮೆ ಹೇಳಿ ನಕ್ಕ.

ಅಪ್ಫಿಯಾ ಬಾರ್ಲಿ ಹಿಟ್ಟು ನಾದುತ್ತಿದ್ದಳು. "ಅವಳು ಯಾಕೆ ಕೇಳಿದ್ಲು?" ಎಂದಳು.

"ಯಾಕೋ. ಹೆಂಗಸರು ಕೇಳ್ತಾರಪ್ಪ."

"ಕಾಲು ಹಿಡ್ಕೊಳ್ಳೋ ಮಾತು ನಾನು ಯಾವತ್ತಾದ್ರೂ ಕೇಳಿದ್ದೀನಾ?"

ಅವನು ಆಲಿವ್ ಬೀಜವನ್ನು ಉಗಿದು ಬೇರೆ ಮಾತು ತೆಗೆದ.

ಅದಾಗಿ ಮೂರನೆಯ ದಿನ ಪೆರೀತಾಸ್ ಕಣ್ಣಿನ ರೆಪ್ಪೆ ಬಿಡಿಸುತ್ತಿದ್ದ. ಕೈ ಸ್ವಲ್ಪ ಜಾರಿದರೂ ಚಕ್ರವರ್ತಿ ಕುರುಡನಾಗುವ ಹೊತ್ತು ಅದು. ಕೆಳಗೆ ಏಣಿ ಅಲುಗಿತು. ಬೈಯಬೇಕೆಂದು ಬಗ್ಗಿ ನೋಡಿದರೆ ಮೆಲೀತೆ. ಬುಟ್ಟಿ ಇಲ್ಲ, ಕಾಲಲ್ಲಿ ಚಪ್ಪಲಿ ಇಲ್ಲ. ವಿಗ್ರಹದ ಬಲಗಾಲನ್ನು ಎರಡೂ ತೋಳಿನಿಂದ ತಬ್ಬಿ, ಮೊಣಕಾಲಿಗೆ ಕೆನ್ನೆ ಒತ್ತಿ ಕೂತಿದ್ದಳು. ಎಡಗೈ ಈಗ ಬಿಚ್ಚಿತ್ತು. ಮೊಣಕೈವರೆಗೂ ಚರ್ಮ ಸುಲಿದು ಹೋಗಿ, ಹಳೆಯ ಗಾಯದ ಮೇಲೆ ಹೊಸ ಬೊಬ್ಬೆ ಎದ್ದಿತ್ತು. ಕುದಿಯುವ ಬಣ್ಣದ ತೊಟ್ಟಿಯಲ್ಲಿ ಬಲವಂತವಾಗಿ ಹಿಡಿದು ಅದ್ದಿಸಿದ ಕೈ ಎಂದು ಯಾರೂ ಹೇಳಬೇಕಿರಲಿಲ್ಲ.

ಅವಳ ಬೆನ್ನಿಗೇ ಆತ್ತಿನಾಸ್ ಬಂದ, ಇಬ್ಬರು ಆಳುಗಳ ಜೊತೆ. ಅವನು ಕೂಗಾಡಲಿಲ್ಲ. ಓಡಿಬಂದ ಉಸಿರನ್ನು ಸರಿಮಾಡಿಕೊಂಡು, ಸಂತೆಯ ಅಧಿಕಾರಿಯನ್ನು ಕರೆಯಲು ಒಬ್ಬನನ್ನು ಕಳಿಸಿದ. ಅಧಿಕಾರಿ ಬರುವ ಹೊತ್ತಿಗೆ ಮೀನು ಮಾರುವವರು, ಗುಡಿಯ ಹೂವಿನವರು, ಸ್ನಾನದ ಮನೆಯಿಂದ ಒದ್ದೆ ತಲೆಯಲ್ಲೇ ಎದ್ದು ಬಂದವರು ಎಲ್ಲ ಸುತ್ತುಗಟ್ಟಿದ್ದರು.

"ಕಾಲು ಹಿಡಿದಿದ್ದಾಳೆ," ಎಂದ ಅಧಿಕಾರಿ. ಒಳ್ಳೆಯ ಮನುಷ್ಯ, ಆದರೆ ಬಿಸಿಲಿಗೆ ಬೇಗ ಸುಸ್ತಾಗುವವನು. "ಇನ್ನು ವಿಚಾರಣೆ ಆಗ್ಬೇಕು, ಆತ್ತಿನಾಸ್."

"ಆಗ್ಲಿ ಸ್ವಾಮಿ. ನಂದೊಂದೇ ಪ್ರಶ್ನೆ. ಯಾರ ಕಾಲು?" ಆತ್ತಿನಾಸ್ ಜನರ ಕಡೆ ತಿರುಗಿದ. "ಹಳಬಂದಾ? ಅವನ ಹೆಸರು ಎತ್ತಿದ್ರೇನೆ ತಪ್ಪು, ಇವಳು ಕಾಲೇ ಹಿಡಿದಿದ್ದಾಳೆ. ಹೊಸಬಂದಾ? ಅವರಿಗಿನ್ನೂ ಧೂಪ ಹಾಕಿಲ್ಲ, ಹೂವು ಹಾಕಿಲ್ಲ, ಒಂದು ಕಿವಿ ಮೂಡಿಲ್ಲ."

ಜನ ನಕ್ಕರು. ಅಧಿಕಾರಿ ಹಣೆ ಒರೆಸಿಕೊಂಡು ಮೇಲೆ ನೋಡಿದ. "ಪೆರೀತಾಸ್, ನೀನು ಹೇಳಪ್ಪ. ಇದನ್ನ ಮಾಡೋನು ನೀನು. ನೀನು ಹೇಳಿದ್ಹಾಗೆ ಆಗ್ಲಿ. ಇದು ಈಗ ಚಕ್ರವರ್ತಿಯೋ, ಕಲ್ಲೋ?"

ಪೆರೀತಾಸನ ಬಾಯಿ ತೆರೆಯಿತು. ಅಷ್ಟರಲ್ಲಿ ಆತ್ತಿನಾಸ್ ಅವನ ಕಡೆ ಕೈ ತೋರಿಸಿ, "ಚಕ್ರವರ್ತಿ ಅಂತೀಯೇನೋ ಪೆರೀತಾಸ್? ಹಂಗಾದ್ರೆ ಕೈಯಲ್ಲಿರೋದೇನು? ಯಾರ ಕಣ್ಣಿಗೆ ಏನು ಚುಚ್ತಾ ಇದ್ದೀಯ?" ಎಂದ.

ಈ ಸಲ ಯಾರೂ ನಗಲಿಲ್ಲ. ಚಕ್ರವರ್ತಿಯ ವಿಗ್ರಹದ ಮುಂದೆ ಬಟ್ಟೆ ಬದಲಾಯಿಸಿದವರಿಗೇ ಶಿಕ್ಷೆಯಾದ ಕಥೆಗಳನ್ನು ಅಲ್ಲಿದ್ದವರೆಲ್ಲ ಕೇಳಿದ್ದರು. ಪೆರೀತಾಸನಿಗೆ ತನ್ನ ಉಳಿ ಒಮ್ಮೆಲೇ ಭಾರವಾಯಿತು. ಅದನ್ನು ಎಲ್ಲಿಡುವುದೆಂದು ತಿಳಿಯಲಿಲ್ಲ.

"ಅಣ್ಣಾ," ಎಂದಳು ಮೆಲೀತೆ ಕೆಳಗಿನಿಂದ. ಅವಳ ಮುಖವನ್ನು ಅವನು ಸರಿಯಾಗಿ ನೋಡಿದ್ದು ಆಗಲೇ. "ನೀವೇ ಹೇಳಿದ್ರಲ್ಲ ಅಣ್ಣಾ. ಹೇಳಿ."

"ಕಲ್ಲು," ಎಂದ ಪೆರೀತಾಸ್. ಕೇಳಿಸಿತೋ ಇಲ್ಲವೋ ಎಂದು ಇನ್ನೊಮ್ಮೆ ಹೇಳಿದ. "ಕೆಲಸ ಮುಗಿಯೋವರೆಗೂ ಬರೀ ಕಲ್ಲು ಸ್ವಾಮಿ."

ಆಳುಗಳಿಬ್ಬರು ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. ಸುಟ್ಟ ಕೈ ಬೇಗ ಬಿಟ್ಟಿತು, ಬಲಗೈ ಬಿಡಲು ಸ್ವಲ್ಪ ಹೊತ್ತು ಹಿಡಿಯಿತು. ಪೆರೀತಾಸ್ ಅಷ್ಟರಲ್ಲಿ ರೆಪ್ಪೆಯ ಕಡೆ ತಿರುಗಿ ಏಟು ಹಾಕತೊಡಗಿದ್ದ. ಹಾಕದೆ ನಿಂತಿದ್ದರೆ ಜನ ಏನೆಂದುಕೊಂಡಾರೋ ಎಂಬ ಭಯ ಅವನಿಗೆ.

ಸಂಜೆ ಊಟಕ್ಕೆ ಕೂತಾಗ ರೊಟ್ಟಿ ಮುರಿದ ಕೈ ಹಾಗೇ ನಿಂತಿತು. ಹೇಳಬೇಕಾಗಿದ್ದ ಮಾತು ಎದುರಿಗೆ ಬಂದು ಕೂತ ಹಾಗೆ ಹೊಳೆದಿತ್ತು. ಕತ್ತಿನ ಕೆಳಗೆ ನಾನು ಉಳಿ ಮುಟ್ಟಿಸಿಲ್ಲ ಸ್ವಾಮಿ. ಮೇಲಿರುವುದು ಕಲ್ಲು, ನನ್ನ ಕೆಲಸ. ಕೆಳಗಿರುವುದು ಪೂಜೆಯಾದ ಮೈ, ಅದರ ಪೂಜೆಯನ್ನು ಯಾರೂ ಇಳಿಸಿಲ್ಲ. ಅವಳು ಹಿಡಿದದ್ದು ಕಾಲನ್ನಲ್ಲವೇ? ಅವನೂ ಉಳಿಯುತ್ತಿದ್ದ, ಅವಳೂ ಉಳಿಯುತ್ತಿದ್ದಳು, ಆತ್ತಿನಾಸನ ಬಾಯಿಯೂ ಮುಚ್ಚುತ್ತಿತ್ತು. ತಮಾಷೆಗೆ ಆಡಿದ ಮಾತೇ ಸರಿಯಾದ ಉತ್ತರವಾಗಿತ್ತು. ಅದನ್ನೇ ಅವಳು ನೆನಪಿಸಿದ್ದಳು ಕೂಡ. ಊರಿಗೆಲ್ಲ ಚುರುಕಾದ ಬಾಯಿ, ಬೇಕಾದ ಒಂದೇ ಒಂದು ಹೊತ್ತಿನಲ್ಲಿ ಕೈಕೊಟ್ಟಿತ್ತು.

ಅವನು ಅಪ್ಫಿಯಾಳಿಗೆ ಎಲ್ಲವನ್ನೂ ಹೇಳಿದ. ಅವಳು ಕೇಳಿ, ತನ್ನ ತಟ್ಟೆಯನ್ನು ದೂರ ತಳ್ಳಿದಳು.

"ಈಗ್ಲಾದ್ರೂ ಹೋಗಿ ಹೇಳಿ."

"ಈಗ ಯಾರು ಕೇಳ್ತಾರೆ?"

"ಕೇಳ್ದೇ ಇದ್ರೆ ಹೋಗ್ಲಿ. ನೀವು ಹೇಳಿ."

ಅವನು ಬೆಳಗಾಗಲೆಂದು ಕಾದ. ಬೆಳಿಗ್ಗೆ ಮೊದಲು ಅಧಿಕಾರಿಯ ಮನೆಗೆ ಹೊರಟವನು, ದಾರಿಯಲ್ಲಿ ಮನಸ್ಸು ಬದಲಿಸಿ ಬಣ್ಣದ ಅಂಗಳಕ್ಕೆ ಹೋದ. ಅವಳನ್ನು ಬೇರೆ ಮನೆಗೆ ಮಾರಲು ಆತ್ತಿನಾಸನನ್ನೇ ಒಪ್ಪಿಸಿದರೆ ಮಾತು ಹೊರಗೆ ಹೋಗುವುದಿಲ್ಲ ಎಂಬ ಲೆಕ್ಕ. ಆಗಲೂ ಅವನು ತನ್ನನ್ನೇ ಮೊದಲು ಕಾಪಾಡಿಕೊಳ್ಳುತ್ತಿದ್ದ. ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಆತ್ತಿನಾಸ್ ಅವನನ್ನು ಕಂಡು ಎದ್ದು ಬಂದ. "ಬಾರಯ್ಯ ಬಾ! ನಿನ್ನೆ ನೀನಿಲ್ದೇ ಇದ್ರೆ ನನ್ನ ಮಾನ ಹೋಗಿತ್ತು."

"ಆ ಹುಡುಗಿ..." ಎಂದ ಪೆರೀತಾಸ್. "ನಾನು ನಿನ್ನೆ ಹೇಳಿದ್ದು ಪೂರ್ತಿ ಸರಿ ಇರ್ಲಿಲ್ಲ, ಆತ್ತಿನಾಸ್. ಕಾಲು..."

"ಯಾವ ಕಾಲು? ಅವಳಾಗ್ಲೇ ಎಫೆಸೋಸ್ ಬಂದರಿನ ದಾರಿ ಹಿಡಿದಾಯ್ತು. ಹೊತ್ತು ಮೂಡೋಕ್ ಮುಂಚೆ ಗಾಡಿ ಹೋಯ್ತಲ್ಲ. ಹಣೆ ಮೇಲೆ ಓಡಿಹೋಗೋಳು ಅಂತ ಹಚ್ಚೆ ಹೊಯ್ಸಿದ್ದೀನಿ, ಹಡಗಿನೋರು ಎಲ್ಲಿ ಬೇಕಾದ್ರೂ ಮಾರ್ಕೊಳ್ಲಿ." ಅವನು ಒಳಗೆ ಹೋಗಿ ಕೆಂಪು ಬಣ್ಣದ ಉಣ್ಣೆಯ ಒಂದು ತುಂಡು ತಂದು ಪೆರೀತಾಸನ ತೋಳಿನ ಮೇಲೆ ಹಾಕಿದ. "ಅತ್ತಿಗೆಗೆ ಕೊಡು. ಬೇಡ ಅನ್ಬೇಡ, ಬೇಜಾರು ಮಾಡ್ಕೋತೀನಿ."

ಪೆರೀತಾಸನಿಗೆ ಬೇಡವೆನ್ನಲು ಬರಲಿಲ್ಲ. ಮನೆಗೆ ತಂದ ಬಟ್ಟೆಯನ್ನು ಅಪ್ಫಿಯಾ ಕೈಯಿಂದ ಮುಟ್ಟಲಿಲ್ಲ. ಅದು ಬಾಗಿಲ ಪಕ್ಕದ ಮಣೆಯ ಮೇಲೇ ಉಳಿಯಿತು.

ಮುಖ ಮುಗಿಯಿತು. ಕಿವಿ ಮೂಡಿತು. ವಿಗ್ರಹಕ್ಕೆ ಬಣ್ಣ ಬಳಿಯುವವನು ಬಂದು ಕೂದಲಿಗೆ ಕಂದು, ತುಟಿಗೆ ಕೆಂಪು ಹಚ್ಚಿ, ಮಾಸಿದ್ದ ಕಾಲುಗವಸಿಗೂ ಹೊಸದಾಗಿ ಬಣ್ಣ ಕೊಟ್ಟ. ಪೂಜೆಯ ದಿನ ಎತ್ತನ್ನು ಬಲಿ ಕೊಟ್ಟರು, ಧೂಪ ಹಾಕಿದರು, ಮಕ್ಕಳು ಹಾಡಿದರು. ಅರ್ಚಕರು ಪೆರೀತಾಸನನ್ನು ಮುಂದೆ ಕರೆದು ತಲೆಗೆ ಎಲೆಯ ಮಾಲೆ ಕಟ್ಟಿದರು. ಇಷ್ಟು ಚೆನ್ನಾಗಿ ತಿದ್ದಿದ ಮುಖ ಎಫೆಸೋಸಿನಲ್ಲೂ ಇಲ್ಲ ಎಂದರು. ಒಂದು ಮಾತಾಡು ಎಂದು ಜನ ಕೂಗಿದರು, ಒಳ್ಳೆಯ ತಮಾಷೆ ಏನಾದರೂ ಬರುತ್ತದೆಂದು ಕಾದರು. ಅವನು ತಲೆ ಬಗ್ಗಿಸಿ ಹಿಂದೆ ಸರಿದ.

ಜನ ಮಾಂಸದೂಟಕ್ಕೆ ಹೋದ ಮೇಲೆ ಅವನು ಏಣಿ ಕಟ್ಟಲು ಒಬ್ಬನೇ ಉಳಿದ. ಆಗ ಒಬ್ಬ ಮುದುಕ ಕಂಬದ ಮರೆಯಿಂದ ಬಂದ. ಸ್ನಾನದ ಮನೆಯ ಒಲೆ ಉರಿಸುವ ಆಳು. ಹುಬ್ಬಿಲ್ಲದ ಮುಖ, ಮೈಯೆಲ್ಲ ಮಸಿ.

"ಯಜಮಾನ್ರೇ," ಎಂದ ಮುದುಕ. ಅವನ ದನಿಯಲ್ಲಿ ಕೊಂಕಿರಲಿಲ್ಲ. "ನಿಮ್ಗೇ ಚೆನ್ನಾಗಿ ಗೊತ್ತಿರೋದು. ಅದಕ್ಕೆ ಕೇಳ್ತೀನಿ. ಈಗ ಸರಿಯಾಯ್ತಾ? ಇವತ್ತಿಂದ ಹಿಡ್ಕೋಬಹುದಾ?"

ಹೌದು ಎನ್ನಬೇಕಿತ್ತು. ಧೂಪ ಇನ್ನೂ ಹೊಗೆಯಾಡುತ್ತಿತ್ತು, ಸಂಶಯಕ್ಕೆ ಎಡೆಯೇ ಇರಲಿಲ್ಲ. ಪೆರೀತಾಸ್ ಮುದುಕನನ್ನು ನೋಡಿದ. ಮತ್ತೆ ಏಣಿಯ ಹಗ್ಗದ ಕಡೆ ತಿರುಗಿದ.

"ಬಣ್ಣ ಇನ್ನೂ ಹಸಿ ಇದೆ ಕಣಪ್ಪ," ಎಂದ.

ಮುದುಕ ತನ್ನ ಎರಡೂ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ಆಗಲಿ ಎಂಬಂತೆ ತಲೆಯಾಡಿಸಿ, ವಿಗ್ರಹದಿಂದ ಎರಡು ಹೆಜ್ಜೆ ದೂರದಲ್ಲಿ, ಬಿಸಿಲಿನಲ್ಲೇ, ಅದು ಒಣಗುವುದನ್ನು ಕಾಯುತ್ತಾ ಕುಳಿತ.