ಜ್ವರಕ್ಕೆ ಕೂತ ದಿನ

ಚೌಡಕ್ಕನ ಹುಳು ಮನೆಯಲ್ಲಿ ಅವತ್ತು ರೇಷ್ಮೆ ಹುಳುಗಳು ಮೂರನೇ ಜ್ವರಕ್ಕೆ ಕೂತಿದ್ದವು. ಸಾಕುವವರಿಗೆ ಗೊತ್ತು, ಈ ಜ್ವರ ಕಾಯಿಲೆಯಲ್ಲ. ಹುಳು ಹಳೇ ಚರ್ಮ ಕಳಚಿ ಹೊಸತನ್ನು ತೊಡುವ ಹೊತ್ತು. ಮೇಯುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು, ಕಲ್ಲಿನ ಹಾಗೆ ಕೂತುಬಿಡುತ್ತದೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲ್ಲಾಡಿಸಬಾರದು. ಹೊರಗಿಂದ ನೋಡಿದರೆ ಏನೂ ನಡೆಯುತ್ತಿಲ್ಲ. ನಡೆಯುವುದೆಲ್ಲ ಒಳಗೆ.

ಕೈಗೆ ಕೆಲಸವಿಲ್ಲದ ಆ ಬೆಳಿಗ್ಗೆ ಚೌಡಕ್ಕನ ಜಗಲಿಯ ಮೇಲೆ ಅವಳ ತಮ್ಮ ಚಿಕ್ಕತಿಮ್ಮಯ್ಯ ಕೂತಿದ್ದ. ಪಕ್ಕದಲ್ಲಿ ಅವನ ಮಗಳು ಪವಿತ್ರ, ಮಡಕಶಿರದ ಶಾಲೆಯೊಂದರಲ್ಲಿ ಆಟದ ಮೇಡಂ. ಅವಳ ಕೈಯಲ್ಲೊಂದು ಹಾಳೆ. ಲಡಾಖ್‌ನ ಒಂದು ಒಂಟಿ ಬೆಟ್ಟ ಹತ್ತುವ ಪ್ಲಾನು: ಐದು ಜನ, ಒಬ್ಬ ಗೈಡು, ಹದಿನಾರು ದಿನ.

ಅದೇ ಬೆಟ್ಟದಿಂದ ಹೋದ ವರ್ಷ ಚೌಡಕ್ಕನ ಮಗ ನವೀನ್ ಹೆಣವಾಗಿ ಬಂದಿದ್ದ. ತಪ್ಪೆಲ್ಲ ಗೈಡನದು ಎಂದಿತ್ತು ಊರು. ಚೌಡಕ್ಕ ಹೌದು ಎನ್ನಲಿಲ್ಲ. ಅಲ್ಲ ಎಂದೂ ಅನ್ನಲಿಲ್ಲ.

"ಅವನು ಮುಟ್ಟಕ್ಕಾಗದ ತುದೀಲಿ ಅವನ ಫೋಟೋ ಇಟ್ಟು ಬತ್ತೀನಿ ಅತ್ತೆ," ಎಂದು ಪವಿತ್ರ ಹಟ ಹಿಡಿದಿದ್ದಳು. ಅಪ್ಪ ಒಪ್ಪಿದ್ದ. ಆದರೆ ಹಾಳೆ ನೋಡಿ ಅವನ ಹುಬ್ಬು ಗಂಟಾಯಿತು.

"ಇದೇನಮ್ಮಿ? ಇಲ್ಲೂ ವಿಶ್ರಾಂತಿ, ಅಲ್ಲೂ ವಿಶ್ರಾಂತಿ. ನಿಮ್ಮ ಗೈಡ್‌ಗೇನು ಮಂಡಿನೋವಾ?"

"ಎತ್ತರಕ್ಕೆ ಮೈ ಒಗ್ಗಬೇಕಂತೆ ಅಪ್ಪ."

"ನನ್ನ ಒಂದು ಬೀಡಿ ಮುಗಿಯೋದ್ರೊಳಗೆ ನಮ್ಮ ರತ್ನಗಿರಿ ಕೋಟೆ ಹತ್ತಿ ಇಳಿಯೋಳು ನೀನು! ನಿನ್ನ ಮೈಗೆ ಇನ್ನೇನು ಒಗ್ಗಬೇಕು? ಗಂಡಿನ ಕಡೇರು ಇಪ್ಪತ್ತನೇ ತಾರೀಕು ಬತ್ತಾರೆ. ಈ ಮೂರು ದಿನ ಹೊಡೆದಾಕು, ಸರಿಯಾಗಿ ಬಂದು ಸೇರ್ಕಂತೀಯ."

"ನಮ್ಮ ತಂಡದೋರೂ ಹಂಗೇ ಅಂತಾವ್ರೆ," ಎನ್ನುತ್ತ ಪವಿತ್ರ ಪೆನ್ನು ತೆಗೆದಳು.

ಅಷ್ಟರಲ್ಲಿ ನರ್ಸ್ ಪಂಪಮ್ಮ ಬಂದಳು. ರಾಯದುರ್ಗದ ಕಡೆಯವಳು. ಬೆಟ್ಟಕ್ಕೆ ಕೊಡಬೇಕಾದ ಆರೋಗ್ಯದ ಫಾರಂಗಾಗಿ ಪವಿತ್ರಳ ಬಿ.ಪಿ. ನೋಡಲು ಬಂದವಳು ಮೊದಲು ಪೆನ್ನು ನೋಡಿದಳು.

"ಯಾಕ್ರಿ ಹೊಡಿತೀರಿ? ಆ ದಿನಾನ ಅದರಾಗ ಮುಖ್ಯ. ಮ್ಯಾಲೆ ಹೋದಂಗ ಗಾಳಿ ತೆಳ್ಳಗಾಗ್ತೈತಿ. ಕಾಲಿಗೆ ಎಷ್ಟು ಬಲ ಇದ್ರೂ ಮೈಗೆ ಕಲಿಯಾಕ ದಿನ ಬೇಕ್ರಿ."

"ನಿಮ್ಮ ರಾಯದುರ್ಗದಾಗೆ ಯಾವ ಹಿಮಾಲಯ ಐತೆ ಸಿಸ್ಟರಮ್ಮ?" ಎಂದು ಕೆಣಕಿದ ಚಿಕ್ಕತಿಮ್ಮಯ್ಯ.

"ನಮ್ಮಲ್ಲಿ ಬಿಸಿಲೊಂದ ಐತ್ರಿ. ಆದ್ರ ನಮ್ಮ ಮನೆಯವ್ರು ಮಿಲಿಟರ್ಯಾಗ ಲಡಾಖ್‌ದಾಗ ಇದ್ರು. ವಿಮಾನ ಇಳಿದ ಕೂಡ್ಲೆ ಕೆಲಸಕ್ಕ ಹಚ್ಚತಿರಲಿಲ್ಲ. ದಿನಗಟ್ಲೆ ಕೂಡಸ್ತಿದ್ರು."

"ಸರ್ಕಾರಿ ಸಂಬಳ, ಕೂತ್ಕಂತಾರೆ ಬಿಡಿ!" ಚಿಕ್ಕತಿಮ್ಮಯ್ಯ ಬೀಡಿ ಹಚ್ಚುತ್ತ ನಕ್ಕ. ಪವಿತ್ರಳೂ ನಕ್ಕಳು. ಪೆನ್ನು ಹಾಳೆಗೆ ತಾಗಿತು.

"ಹೊಡಿಬೇಡ ಕಣೆ."

ವರ್ಷದಿಂದ ಬೆಟ್ಟದ ಮಾತೆತ್ತದಿದ್ದ ಚೌಡಕ್ಕನ ದನಿ ಅದು. ಅವಳಿಗೇ ಅದು ಬೇರೆ ಯಾರದೋ ಅನ್ನಿಸಿತು.

"ನವೀನ ಸಿಗ್ನಲ್ ಸಿಗೋ ಕೊನೇ ಹಳ್ಳಿಯಿಂದ ನನಗೆ ಫೋನ್ ಮಾಡಿದ್ದ. ತಲೆ ಸಿಡೀತೈತೆ ಅವ್ವ, ಗೈಡು ಎರಡು ದಿನ ಇಲ್ಲೇ ಕೂರು ಅಂತಾನೆ ಅಂದ. ಅವತ್ತು ಹುಳು ನಾಲ್ಕನೇ ಜ್ವರದಿಂದ ಎದ್ದಿದ್ವು. ರಾಶಿ ಸೊಪ್ಪು ಬೇಕು, ಕುಯ್ಯೋರಿಲ್ಲ. ಕೂರಕ್ಕೆ ಅಷ್ಟು ದೂರ ಹೋದ್ಯೇನೋ, ಬೇಗ ಮುಗಿಸ್ಕಂಡು ಬಾ ಅಂದೆ. ಮಗ ಮಾತು ಕೇಳ್ದ. ಮಾತ್ರೆ ನುಂಗಿ, ನೋವು ಹೋಯ್ತು ಅಂತ ಗೈಡ್‌ಗೆ ಸುಳ್ಳು ಹೇಳಿ ಮೇಲೆ ಹೊರಟ."

ಪವಿತ್ರ ಪೆನ್ನನ್ನು ಹಾಳೆಯಿಂದ ಎತ್ತಿದಳು. ಚೌಡಕ್ಕ ಮಾತು ನಿಲ್ಲಿಸಲಿಲ್ಲ.

"ಡೇರೆಯಲ್ಲಿ ಮುಚ್ಚಳ ತೆಗೆದಿದ್ದ ಮಾತ್ರೆ ಡಬ್ಬಿ ಗೈಡ್‌ಗೆ ಸಿಕ್ತು. ಹೆಣದ ಜೊತೆ ಬಂದು ಇದೇ ಬಾಗಿಲಲ್ಲಿ ನಿಂತು, ಅದನ್ನ ತೋರಿಸಿ ಹೇಳಿದ. ಅವನ ಹಿಂದಿ ನಿಮಗೆ ತಿಳೀಲಿಲ್ಲ, ಹೊಡಿಯಕ್ಕೆ ಹೋದ್ರಿ. ಆ ಡಬ್ಬಿ ನೋಡಿದ ಕೂಡ್ಲೆ, ನೋವು ಮುಚ್ಚಿಟ್ಟು ಹೋಗವ್ನೆ ಅಂತ ನನಗೆ ತಿಳೀತು. ನಾನು ಬಾಯಿ ಬಿಡಲಿಲ್ಲ."

"ಅಕ್ಕ, ನಿನಗೇನು ಗೊತ್ತಿತ್ತು ಪಾಪ..." ಚಿಕ್ಕತಿಮ್ಮಯ್ಯ ತೊದಲಿದ.

"ಒಳಗೆ ಹೋಗು. ಒಂದು ತಟ್ಟೆ ತಗೊಂಡು ಅಲ್ಲಾಡಿಸು."

"ಅಯ್ಯೋ, ಜ್ವರಕ್ಕೆ ಕೂತವೆ! ಯಾರಾದ್ರೂ ಅಲ್ಲಾಡಿಸ್ತಾರಾ?"

ಹೇಳಿದ ಮೇಲೆ ಆ ಮಾತು ಅವನ ಕಿವಿಗೇ ಬಿತ್ತು. ಬೀಡಿ ಬೆರಳಲ್ಲೇ ಆರಿತು.

"ನನಗೂ ಗೊತ್ತಿತ್ತು," ಎಂದಳು ಚೌಡಕ್ಕ. "ಹುಳುಗೆ ಕೊಟ್ಟ ದಿನ ಮಗನಿಗೆ ಕೊಡಲಿಲ್ಲ."

ಪವಿತ್ರ ಹಾಳೆ ಮಡಚಿ ಮಡಿಲಲ್ಲಿಟ್ಟುಕೊಂಡು, "ನಾನೇನು ಮಾಡ್ಬೇಕು ಸಿಸ್ಟರ್?" ಎಂದಳು.

"ಮೊದಲು ನಿಮ್ಮ ಕಾಯಿಲಿ, ಮಾತ್ರಿ ಏನಿದ್ರೂ ಫಾರಂದಾಗ ಮುಚ್ಚಿಡದಂಗ ಬರೀರಿ. ಅಲ್ಲಿ ತಲಿ ನೋಯ್ತು, ವಾಂತಿ ಬಂತು ಅಂದ್ರ ಗೈಡ್‌ಗೆ ಹೇಳ್ರಿ. ಅದು ಹೋಗೋತನಕ ಒಂದು ಹೆಜ್ಜಿನೂ ಮ್ಯಾಲೆ ಇಡಬ್ಯಾಡ್ರಿ. ಕೂತಲ್ಲೇ ಏದುಸಿರು ಬಂದ್ರ, ನೇರ ಗೆರಿ ಮ್ಯಾಲೆ ನಡಿಯಾಕ ಆಗಲಿಲ್ಲಂದ್ರ, ಬೆಳಗಾಗ್ಲಿ ಅಂತ ಕಾಯಬ್ಯಾಡ್ರಿ. ಆಗಿಂದಾಗ ಕೆಳಗ ಇಳೀಬೇಕು. ನಿಮ್ಮವ್ರು ಹಟ ಮಾಡಿದ್ರೂ ಗೈಡ್ ಹೇಳಿದ್ದ ನಡೀಬೇಕು."

ಪವಿತ್ರ ಹಾಳೆ ಬಿಡಿಸಿ ಮೂರು ಕಡೆಯೂ 'ವಿಶ್ರಾಂತಿ' ಎಂಬುದರ ಮುಂದೆ 'ಜ್ವರ' ಎಂದು ಬರೆದಳು. ಇನ್ನೂ ಒಂದು ದಿನ ಸೇರಿಸಿದಳು, ಹವೆ ಕೆಟ್ಟರೆ ಇರಲಿ ಎಂದು. ತಂಡದವರಿಗೆ ಫೋನಿನಲ್ಲಿ ಅದರ ಫೋಟೋ ಕಳಿಸಿದಳು.

"ಗಂಡಿನ ಕಡೇರು?" ಎಂದಳು ಅಪ್ಪನ ಮುಖ ನೋಡದೆ.

"ಅವರೂ ನಾಲ್ಕು ದಿನ ಕೂತ್ಕಳ್ಳಿ," ಎಂದ ಚಿಕ್ಕತಿಮ್ಮಯ್ಯ.

ಹೋಗುವಾಗ ಅವನು ಅಕ್ಕನಿಗೆ ಬತ್ತೀನಿ ಅನ್ನಲಿಲ್ಲ. ಅನ್ನಲಿ ಎಂದು ಚೌಡಕ್ಕ ಕಾಯಲೂ ಇಲ್ಲ. ಒಳಗೆ ಹೋಗಿ, ತಲೆ ಎತ್ತಿ ಕೂತ ಹುಳುಗಳ ಮುಂದೆ ಕೈಕಟ್ಟಿ ಕೂತಳು.

ಓದಿದವರೇ, ಕೇಳಿದವರೇ, ಚೌಡಕ್ಕನಿಗೆ ಪಾಪ ಅನ್ನಬೇಡಿ. ಅದರಿಂದ ಅವಳಿಗೆ ಏನೂ ಆಗಬೇಕಾದ್ದಿಲ್ಲ. ನಿಮ್ಮ ಮನೆಯಿಂದ ಯಾರಾದರೂ ಎತ್ತರದ ಬೆಟ್ಟಕ್ಕೆ ಹೊರಟಿದ್ದರೆ ಅವರ ಪ್ಲಾನು ಇಸಿದುಕೊಂಡು ಓದಿ. ಕೂರುವ ದಿನ ಇಲ್ಲದಿದ್ದರೆ ಬರೆಸಿ, ಇದ್ದರೆ ಯಾರೂ ಹೊಡೆದುಹಾಕದಂತೆ ಕಾಯಿರಿ. ಅಲ್ಲಿಂದ ಫೋನ್ ಬಂದಾಗ 'ಯಾವಾಗ ಬರ್ತೀಯ' ಎನ್ನಬೇಡಿ. 'ತಲೆ ನೋಯ್ತಿದೆಯಾ' ಎಂದು ಕೇಳಿ. ನೋಯುತ್ತಿದೆ ಎಂದರೆ, 'ಗೈಡ್‌ಗೆ ಹೇಳು, ಕೂತ್ಕೋ, ಇಲ್ಲಿ ಯಾವ ಕೆಲಸವೂ ನಿಂತಿಲ್ಲ' ಎನ್ನಿ.

ಕೆಲಸ ನಿಂತಿದ್ದರೂ ಹಾಗೇ ಅನ್ನಿ.